ಗೋಡೆಯೊಳಗಿನ ಸೋರಿಕೆ: ವಾಲ್ವ್, ಲೆವೆಲ್ ಟ್ಯೂಬ್, ಪಂಪ್, ಕ್ಯಾಮೆರಾ, ಯಾವುದನ್ನು ಯಾವಾಗ ನಂಬಬೇಕು

ಮಲಗುವ ಕೋಣೆಯ ಗೋಡೆಯಲ್ಲಿ ಅಂಗೈ ಅಗಲ ತೇವ ಕಾಣಿಸಿಕೊಂಡಿದೆ. ಪೇಂಟ್ ಉಬ್ಬಿ ಅದರಡಿ ಬಿಳಿ ಉಪ್ಪು ಬಂದಿದೆ. ಗೋಡೆಯ ಆ ಕಡೆ ಬಾತ್‌ರೂಮ್. ಪ್ಲಂಬರ್ ಬಂದು ಟೈಲ್ಸ್ ಒಡೆಯಬೇಕು ಅನ್ನುತ್ತಾರೆ. ಬೆಂಗಳೂರಿನ ಏಜೆನ್ಸಿಗೆ ಫೋನ್ ಮಾಡಿದರೆ ಒಡೆಯುವುದೇ ಬೇಡ, ಯಂತ್ರ ತರುತ್ತೇವೆ ಅನ್ನುತ್ತಾರೆ. ಪೇಂಟ್ ಅಂಗಡಿಯಲ್ಲಿ ಕೇಳಿದರೆ ವಾಟರ್‌ಪ್ರೂಫ್ ಪುಟ್ಟಿಯ ಡಬ್ಬ ಕೈಗೆ ಬರುತ್ತದೆ. ಮೊದಲಿನ ಎರಡು ಸಲಹೆ ಕೆಲವು ಮನೆಗಳಿಗೆ ಸರಿ. ಮೂರನೆಯದು ಸೋರಿಕೆ ಸಿಗುವ ಮುಂಚೆ ಯಾವ ಮನೆಗೂ ಸರಿಯಲ್ಲ. ಹೊರಬರುವ ಬಾಯಿ ಮುಚ್ಚಿದರೆ ತೇವ ಪಕ್ಕಕ್ಕೆ ಹರಿದು ಎರಡಡಿ ಆಚೆ ಏಳುತ್ತದೆ, ಆಮೇಲೆ ಹುಡುಕಾಟ ಇನ್ನೂ ಕಷ್ಟ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮನೆಗಳಲ್ಲಿ ಯಾವ ದಾರಿ ಹಿಡಿಯಬೇಕು ಅನ್ನುವುದು ಬಹುಮಟ್ಟಿಗೆ ಒಂದೇ ಅಂಶದ ಮೇಲೆ ನಿಂತಿದೆ: ಪೈಪಿನೊಳಗೆ ಒತ್ತಡ ಎಷ್ಟಿದೆ? ನೀರು 10 ಮೀಟರ್ ಎತ್ತರದಲ್ಲಿ ನಿಂತರೆ ಕೆಳಗೆ ಸುಮಾರು 1 ಬಾರ್ ಒತ್ತಡ. ಟೆರೇಸ್ ಮೇಲಿನ ಟ್ಯಾಂಕ್ ನಲ್ಲಿಗಿಂತ 3–4 ಮೀಟರ್ ಮೇಲಿದ್ದರೆ ಪೈಪಿನಲ್ಲಿರುವುದು 0.3ರಿಂದ 0.4 ಬಾರ್, ಅಷ್ಟೇ. ಸೋರಿಕೆಯ ಸದ್ದು ಹಿಡಿಯುವ ಯಂತ್ರಗಳು ಚೆನ್ನಾಗಿ ಕೆಲಸ ಮಾಡುವುದು 3 ಬಾರ್ ಮತ್ತು ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ. ಟ್ಯಾಂಕಿನಿಂದ ಇಳಿಯುವ ನೀರು ಸದ್ದಿಲ್ಲದೆ ಜಿನುಗುತ್ತದೆ. ಹಾಗಾಗಿ ಇಲ್ಲಿ ಮೊದಲ ದುಡ್ಡು ಯಂತ್ರಕ್ಕೆ ಹಾಕಬಾರದು, ವಾಲ್ವಿಗೆ ಹಾಕಬೇಕು.

ಮೊದಲು, ಅದು ಯಾವ ನೀರು?

ಗೋಡೆಗೆ ನೀರು ಬರುವ ದಾರಿಗಳು ಐದು: ಮಳೆ, ನೆಲದಿಂದ ಏರುವ ಥಂಡಿ, ಸಂಪಿನಿಂದ ಟ್ಯಾಂಕಿಗೆ ಏರುವ ಮೋಟಾರ್ ಲೈನ್, ಟ್ಯಾಂಕಿನಿಂದ ನಲ್ಲಿಗೆ ಇಳಿಯುವ ಲೈನ್, ಬಚ್ಚಲಿನ ವೇಸ್ಟ್ ನೀರು. ಒಂದೊಂದನ್ನು ಹುಡುಕುವ ವಿಧಾನವೂ ಬೇರೆ. ಇದನ್ನು ವಿಂಗಡಿಸದೆ ಸುತ್ತಿಗೆ ಎತ್ತಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಈ ಜಿಲ್ಲೆಗಳಲ್ಲಿ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಫೆಬ್ರವರಿ–ಮಾರ್ಚ್‌ನ ಒಣ ಹವೆಯಲ್ಲೂ ಕಲೆ ಬೆಳೆಯುತ್ತಿದ್ದರೆ ಮಳೆಯನ್ನು ಪಟ್ಟಿಯಿಂದ ತೆಗೆಯಬಹುದು. ಒಂದು ಎಚ್ಚರಿಕೆ: ಟೆರೇಸ್ ಮೇಲೆ ಇಟ್ಟಿಗೆ ಚೂರಿನ ಗಾರೆ ಹಾಕಿದ್ದರೆ ಅದು ವಾರಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅಕ್ಟೋಬರ್ ಮಳೆಯ ನೀರು ಡಿಸೆಂಬರ್‌ನಲ್ಲಿ ಗೋಡೆಗೆ ಇಳಿದು ಪೈಪಿನ ಮೇಲೆ ಅಪವಾದ ಬರುವುದುಂಟು. ಕಲ್ಲು ಚಪ್ಪಡಿ ಹೊದಿಸಿದ ಹಳೆಯ ಮನೆಗಳಲ್ಲಿ ಚಪ್ಪಡಿ ಗೋಡೆಯ ಮೇಲೆ ಕೂರುವ ಸಂದನ್ನೇ ಮೊದಲು ನೋಡಿ.

ನೆಲದ ಥಂಡಿ ಗುರುತಿಸುವುದು ಸುಲಭ. ಅದು ಗೋಡೆಯುದ್ದಕ್ಕೂ ಪಟ್ಟಿಯಂತೆ ಹರಡಿರುತ್ತದೆ, ಸಾಮಾನ್ಯವಾಗಿ ಮೂರಡಿ ದಾಟುವುದಿಲ್ಲ, ಮೇಲಂಚಿನಲ್ಲಿ ಉಪ್ಪಿನ ಗೆರೆ ಇರುತ್ತದೆ. ಸೈಜುಕಲ್ಲಿನ ಪಾಯದ ಮೇಲೆ ಬೆಲ್ಟ್ ಕಾಂಕ್ರೀಟ್ ಇಲ್ಲದೆ ನೇರ ಗೋಡೆ ಎಬ್ಬಿಸಿದ ಮನೆಗಳಲ್ಲಿ ಇದು ಸಾಮಾನ್ಯ. ಪಟ್ಟಿ ಬಿಟ್ಟು ಒಂದೇ ಕಡೆ ದ್ವೀಪದಂತೆ ಕಲೆ ಇದ್ದರೆ ಅದು ನೆಲದ್ದಲ್ಲ.

ಮೋಟಾರ್ ಲೈನಿನ ಗುರುತು ಸಮಯದಲ್ಲಿದೆ. ಸಂಪಿನಿಂದ ಎರಡಂತಸ್ತು ಮೇಲಕ್ಕೆ ಹೋಗುವ ಪೈಪಿನ ಬುಡದಲ್ಲಿ 1 ಬಾರ್‌ಗೂ ಹೆಚ್ಚು ಒತ್ತಡ ಬರುತ್ತದೆ. ಮೋಟಾರ್ ಹಾಕಿದ ಎರಡು ಮೂರು ಗಂಟೆಯಲ್ಲಿ ಕಲೆ ಗಾಢವಾಗಿ, ಮರುದಿನ ಬೆಳಗ್ಗೆಗೆ ಸ್ವಲ್ಪ ಮಂಕಾದರೆ ಅನುಮಾನ ಈ ಲೈನಿನ ಮೇಲೆ. ಇನ್ನೊಂದು ಸುಳಿವು ಟ್ಯಾಂಕಿನ ಬಾಯಲ್ಲಿದೆ: ಮೊದಲು ಸ್ವಿಚ್ ಹಾಕಿದ ಕೆಲವೇ ಕ್ಷಣದಲ್ಲಿ ಬೀಳುತ್ತಿದ್ದ ನೀರು ಈಗ ತಡವಾಗಿ, ಗಾಳಿ ಉಗುಳುತ್ತಾ ಬೀಳುತ್ತಿದ್ದರೆ ನಿಂತ ನೀರು ಎಲ್ಲೋ ಇಳಿದುಹೋಗಿದೆ. ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಎನ್‌ಆರ್‌ವಿ ಅಥವಾ ಸಂಪಿನೊಳಗಿನ ಫುಟ್ ವಾಲ್ವ್ ಕೆಟ್ಟರೂ ಹೀಗೇ ಆಗುತ್ತದೆ. ಆದ್ದರಿಂದ ಮೋಟಾರ್ ನಿಂತ ಮೇಲೆ ಪಂಪಿನ ಪಕ್ಕದ ವಾಲ್ವ್ ಮುಚ್ಚಿ ರಾತ್ರಿ ಬಿಟ್ಟು ನೋಡಿ. ಮುಚ್ಚಿದರೂ ಗಾಳಿ ಉಗುಳಿದರೆ ತಪ್ಪು ಗೋಡೆಯೊಳಗಿನ ಪೈಪಿನದು. (ಮರುದಿನ ಮೋಟಾರ್ ಹಾಕುವ ಮುಂಚೆ ಆ ವಾಲ್ವ್ ತೆರೆಯಲು ಮರೆಯಬೇಡಿ.)

ತುಮಕೂರಿನಲ್ಲಿ ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರು ಬಿಡುವ ದಿನ ಮಾತ್ರ ಕಾಂಪೌಂಡ್ ಕಡೆಯ ಗೋಡೆ ಒದ್ದೆಯಾಗುತ್ತಿದ್ದರೆ ಬಾತ್‌ರೂಮ್ ಕಡೆ ತಿರುಗಿಯೂ ನೋಡಬೇಕಿಲ್ಲ. ಮೀಟರಿನಿಂದ ಸಂಪಿಗೆ ಬರುವ ಲೈನಿಗೆ ಒತ್ತಡ ಇರುವುದೇ ಆ ಕೆಲವು ಗಂಟೆ.

ಖರ್ಚಿಲ್ಲದ ಪರೀಕ್ಷೆ: ಬಕೆಟ್ಟಿನ ನಾಲ್ಕು ದಿನ

ಉಳಿದದ್ದು ಇಳಿಯುವ ಲೈನೋ ವೇಸ್ಟ್ ನೀರೋ ಅನ್ನುವ ಪ್ರಶ್ನೆ. ಎರಡೂ ಒಂದೇ ಗೋಡೆಯಲ್ಲಿ, ಒಂದು ಗೇಣು ಅಂತರದಲ್ಲಿ ಇರುತ್ತವೆ, ಕಲೆ ನೋಡಿ ಹೇಳುವುದು ಬರಿ ಊಹೆ. ಕಲೆಯ ಅಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ದಿನಾಂಕ ಬರೆಯಿರಿ. ಮೊದಲ ಎರಡು ದಿನ ಆ ಬಾತ್‌ರೂಮಿನ ವಾಲ್ವ್ ಪೂರ್ತಿ ಮುಚ್ಚಿ, ಬೇರೆ ಕಡೆಯಿಂದ ಬಕೆಟ್ಟಿನಲ್ಲಿ ನೀರು ತಂದು ಎಂದಿನಂತೆ ಸ್ನಾನ ಮಾಡಿ. ಪೈಪ್ ಖಾಲಿ, ಬಚ್ಚಲು ಒದ್ದೆ. ಮುಂದಿನ ಎರಡು ದಿನ ವಾಲ್ವ್ ತೆರೆದಿಡಿ, ಬಚ್ಚಲಿಗೆ ಒಂದು ಚೊಂಬು ನೀರೂ ಹಾಕಬೇಡಿ. ಪೈಪ್ ತುಂಬಿದೆ, ಬಚ್ಚಲು ಒಣಗಿದೆ. ಯಾವ ಜೋಡಿ ದಿನದಲ್ಲಿ ಅಂಚು ಗೆರೆ ದಾಟಿ ಮುಂದೆ ಹೋಯಿತು ಅನ್ನುವುದೇ ಉತ್ತರ.

ಇಲ್ಲಿ ಬಹಳ ಜನ ಎಡವುವುದು ಒಣಗುವುದನ್ನು ಕಾಯುವಲ್ಲಿ. ಸೋರಿಕೆ ನಿಂತರೂ ಸಾಲಿಡ್ ಬ್ಲಾಕ್ ಗೋಡೆ ಎರಡು ದಿನಕ್ಕೆ ಒಣಗುವುದಿಲ್ಲ, ವಾರಗಳು ಬೇಕು. ಕಲೆ ಕಡಿಮೆಯಾಯಿತೇ ಎಂದು ನೋಡಬೇಡಿ, ಬೆಳೆಯಿತೇ ಎಂದಷ್ಟೇ ನೋಡಿ.

ಎರಡೂ ಸಲ ಬೆಳೆಯದೆ, ಮಾಮೂಲಿ ಬಳಕೆಗೆ ಮರಳಿದ ಕೂಡಲೇ ಬೆಳೆದರೆ ಶವರ್ ಪೈಪನ್ನು ಅನುಮಾನಿಸಿ. ಬಿಸಿ, ತಣ್ಣೀರು ಬೆರೆಸುವ ಮಿಕ್ಸರಿನಿಂದ ಶವರ್ ತಲೆಗೆ ಗೋಡೆಯೊಳಗೆ ಏರುವ ಆ ಮೂರು ನಾಲ್ಕು ಅಡಿ ಪೈಪಿಗೆ ನೀರು ಬರುವುದು ಶವರ್ ತಿರುಗಿಸಿದಾಗ ಮಾತ್ರ. ಬಕೆಟ್ ಸ್ನಾನದಲ್ಲಿ ಅದು ಖಾಲಿ. ಮುಂದೆ ಹೇಳುವ ಟ್ಯಾಂಕ್ ಪರೀಕ್ಷೆಗೂ ಅದು ಸಿಕ್ಕುವುದಿಲ್ಲ. ಶವರ್ ತಲೆ ಬಿಚ್ಚಿ ಅಲ್ಲಿಗೊಂದು ಹೋಸ್ ಕಟ್ಟಿ, ನೀರನ್ನು ಟೈಲ್ಸಿಗೆ ತಾಗದಂತೆ ನೇರ ಹೊರಗೆ ಬಿಟ್ಟು ಅರ್ಧ ಗಂಟೆ ಹರಿಸಿದರೆ ಗೊತ್ತಾಗುತ್ತದೆ.

ಟ್ಯಾಂಕಿನ ಗೆರೆಗಿಂತ ಲೆವೆಲ್ ಟ್ಯೂಬ್ ಏಕೆ ಮೇಲು

ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಮೋಟಾರ್ ಆರಿಸಿ, ಟ್ಯಾಂಕಿನ ಒಳಗೋಡೆಗೆ ನೀರಿನ ಮಟ್ಟದಲ್ಲಿ ಗುರುತು ಮಾಡಿ ಬೆಳಗ್ಗೆ ನೋಡುವುದು ಎಲ್ಲರಿಗೂ ಗೊತ್ತಿರುವ ವಿಧಾನ. ದೊಡ್ಡ ಸೋರಿಕೆಗೆ ಇದು ಸಾಕು. ಸಣ್ಣದಕ್ಕೆ ಕುರುಡು. ಲೆಕ್ಕ ಹಾಕಿ: 1.1 ಮೀಟರ್ ವ್ಯಾಸದ ದುಂಡು ಟ್ಯಾಂಕಿನಲ್ಲಿ 1 ಸೆಂಟಿಮೀಟರ್ ಇಳಿಯಲು 9.5 ಲೀಟರ್ ಹೋಗಬೇಕು. ಸೆಕೆಂಡಿಗೊಂದು ಹನಿ ಜಿನುಗಿದರೆ, 20 ಹನಿಗೆ 1 ಮಿಲಿಲೀಟರ್ ಎಂದುಕೊಂಡರೂ, ದಿನಕ್ಕೆ ನಾಲ್ಕೂಕಾಲು ಲೀಟರ್. ಎಂಟು ಗಂಟೆಯ ರಾತ್ರಿಯಲ್ಲಿ ಟ್ಯಾಂಕ್ ಇಳಿಯುವುದು ಒಂದೂವರೆ ಮಿಲಿಮೀಟರ್. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಗೋಡೆ ಹಾಳಾಗಲು ಅಷ್ಟೇ ಸಾಕು.

ಜೊತೆಗೆ ಸುಳ್ಳು ಎಚ್ಚರಿಕೆಗಳೂ ಬಹಳ. ಫ್ಲಶ್ ಟ್ಯಾಂಕಿನ ವಾಷರ್ ಸವೆದು ಕಮೋಡಿಗೆ ಸದ್ದಿಲ್ಲದೆ ನೀರು ಹೋಗುತ್ತಿರುತ್ತದೆ, ಜನ ಗೋಡೆ ಒಡೆಸುತ್ತಾರೆ. ಪರೀಕ್ಷೆಗೆ ಮುಂಚೆ ಫ್ಲಶ್ ಟ್ಯಾಂಕಿನ ಆಂಗಲ್ ವಾಲ್ವ್ (ಗೋಡೆಯಿಂದ ಅದಕ್ಕೆ ನೀರು ಬಿಡುವ ಸಣ್ಣ ವಾಲ್ವ್) ಮುಚ್ಚಿ. ಸೋಲಾರ್ ಹೀಟರ್‌ಗೆ ಹೋಗುವ ತಣ್ಣೀರಿನ ವಾಲ್ವನ್ನೂ ಮುಚ್ಚಿ.

ಗಾರೆಯವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಟ್ಯೂಬ್ ಇದೇ ಪರೀಕ್ಷೆಯನ್ನು ಸಾವಿರಾರು ಪಟ್ಟು ಸೂಕ್ಷ್ಮ ಮಾಡುತ್ತದೆ. ಅನುಮಾನ ಇರುವ ಲೈನಿನ ಒಂದು ನಲ್ಲಿಗೆ ಟ್ಯೂಬ್ ಸಿಕ್ಕಿಸಿ ಕ್ಲ್ಯಾಂಪ್ ಬಿಗಿಯಿರಿ. ಇನ್ನೊಂದು ತುದಿಯನ್ನು ಟೆರೇಸಿಗೆ ಒಯ್ದು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಒಂದಡಿ ಮೇಲೆ ಕಟ್ಟಿ, ಬಾಯಿ ತೆರೆದಿಡಿ. ನಲ್ಲಿ ತಿರುಗಿಸಿದರೆ ಟ್ಯೂಬಿನಲ್ಲಿ ನೀರು ಟ್ಯಾಂಕಿನ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಟ್ಯೂಬಿನೊಳಗೆ ಗಾಳಿಗುಳ್ಳೆ ಇದ್ದರೆ ತಟ್ಟಿ ಹೊರಗೆ ಹಾಕಿ. ಈಗ ಟ್ಯಾಂಕಿನ ಬುಡದ ವಾಲ್ವ್ ಮುಚ್ಚಿ, ಟ್ಯೂಬಿನಲ್ಲಿ ನೀರಿನ ಅಂಚಿಗೆ ಗುರುತು ಹಾಕಿ.

ಒಳವ್ಯಾಸ 8 ಮಿ.ಮೀ. ಇರುವ ಟ್ಯೂಬಿನಲ್ಲಿ 1 ಸೆಂಟಿಮೀಟರ್ ನೀರೆಂದರೆ ಅರ್ಧ ಮಿಲಿಲೀಟರ್. ಸೆಕೆಂಡಿಗೊಂದು ಹನಿಯ ಸೋರಿಕೆ ಇದ್ದರೆ ನಿಮಿಷಕ್ಕೆ 6 ಸೆಂಟಿಮೀಟರ್ ಇಳಿಯುತ್ತದೆ. ರಾತ್ರಿಯೆಲ್ಲ ಕಾಯುವ ಬದಲು ಹತ್ತು ನಿಮಿಷದಲ್ಲಿ ತೀರ್ಮಾನ. ಅರ್ಧ ಗಂಟೆ ಕದಲದೆ ನಿಂತರೆ ಆ ಲೈನ್, ಟ್ಯಾಂಕಿನ ಒತ್ತಡದಲ್ಲಿ, ಸರಿಯಾಗಿದೆ.

ಕೆಡುವುದು ಎರಡು ಕಾರಣಕ್ಕೆ. ಒಂದು, ಟ್ಯಾಂಕಿನ ವಾಲ್ವ್ ಪೂರ್ತಿ ಹಿಡಿಯದೆ ಸಣ್ಣಗೆ ನೀರು ಬಿಡುತ್ತಿದ್ದರೆ ಸೋರಿದ್ದನ್ನು ಅದೇ ತುಂಬಿಸಿಬಿಡುತ್ತದೆ, ಮಟ್ಟ ಕದಲುವುದೇ ಇಲ್ಲ. ಗಡಸು ಬೋರ್‌ವೆಲ್ ನೀರಿನ ಊರುಗಳಲ್ಲಿ ಹಳೆಯ ಗೇಟ್ ವಾಲ್ವಿನ ಒಳಗೆ ಸುಣ್ಣದ ಪದರ ಕೂತು ಇದು ಮಾಮೂಲಿ. ಪರೀಕ್ಷೆಗೆ ಮುಂಚೆ ವಾಲ್ವ್ ಮುಚ್ಚಿ ಕೆಳಗಿನ ನಲ್ಲಿ ಬಿಡಿ: ಪೈಪ್ ಖಾಲಿಯಾದ ಮೇಲೂ ಹನಿ ಬೀಳುತ್ತಿದ್ದರೆ ಮೊದಲು ಆ ವಾಲ್ವ್ ತೆಗೆದು ಬಾಲ್ ವಾಲ್ವ್ ಹಾಕಿಸಿ. ಎರಡು, ವಾಲ್ವಿನ ಆಚೆ ಗಾಳಿ ಪೈಪ್ ನಿಲ್ಲಿಸಿದ್ದರೆ ಅದರೊಳಗಿನ ನೀರೂ ಟ್ಯೂಬಿನ ಜೊತೆ ಇಳಿಯುತ್ತದೆ. ಮುಕ್ಕಾಲು ಇಂಚಿನ ಗಾಳಿ ಪೈಪ್ ಇದ್ದರೆ ಅದೇ ಸೋರಿಕೆ ನಿಮಿಷಕ್ಕೆ 6 ಸೆಂಟಿಮೀಟರ್ ಬದಲು 1 ಸೆಂಟಿಮೀಟರ್‌ಗಿಂತ ಕಡಿಮೆ ತೋರಿಸುತ್ತದೆ. ಆಗ ಹೆಚ್ಚು ಹೊತ್ತು ಕಾಯಿರಿ.

ಬಿಸಿನೀರಿನ ಲೈನಿಗೆ ಈ ಪರೀಕ್ಷೆ ಮಾಡಲು ಸೋಲಾರಿನ ಔಟ್‌ಲೆಟ್‌ನಲ್ಲಿ ವಾಲ್ವ್ ಬೇಕು. ಎಷ್ಟೋ ಮನೆಗಳಲ್ಲಿ ಅದನ್ನು ಹಾಕಿರುವುದೇ ಇಲ್ಲ. ಹಾಕಿಸಿ, ಮುಂದೆಯೂ ಉಪಯೋಗಕ್ಕೆ ಬರುತ್ತದೆ. ವಾಲ್ ಮಿಕ್ಸರಿನೊಳಗೆ ಬಿಸಿ, ತಣ್ಣೀರು ಒಂದಕ್ಕೊಂದು ದಾಟುವುದೂ ಇದೆ. ಹಾಗಾಗಿ ಒಂದು ಲೈನ್ ನೋಡುವಾಗ ಇನ್ನೊಂದರ ವಾಲ್ವೂ ಮುಚ್ಚಿರಲಿ.

ಕೈಪಂಪಿನ ಪ್ರೆಷರ್ ಟೆಸ್ಟ್

ಲೆವೆಲ್ ಟ್ಯೂಬ್ ಲೈನ್ ಸೋರುತ್ತಿದೆ ಎಂದು ಹೇಳಿತು, ಯಾವ ಕವಲು ಎಂದು ಹೇಳಲಿಲ್ಲ. ಅಥವಾ ಟ್ಯೂಬ್ ಸುಮ್ಮನಿದೆ, ಗೋಡೆ ಒದ್ದೆಯಾಗುತ್ತಲೇ ಇದೆ. ಎರಡಕ್ಕೂ ಮುಂದಿನ ಹೆಜ್ಜೆ ಹೈಡ್ರೋ ಟೆಸ್ಟ್ ಪಂಪ್. ತೊಟ್ಟಿ, ಹಿಡಿ, ಗೇಜ್, ಒಂದು ಹೋಸ್, ಇಷ್ಟೇ ಇರುವ ಸಾಧನ. ಹೊಸ ಮನೆಗೆ ಪೈಪ್ ಕೂರಿಸುವ ಪ್ಲಂಬರ್‌ಗಳ ಬಳಿ ಇರುತ್ತದೆ, ಬಾಡಿಗೆಗೂ ಸಿಗುತ್ತದೆ. ಗೇಜ್ 0–10 ಕೆ.ಜಿ. ಅಳತೆಯದ್ದಿರಲಿ (ಗೇಜಿನ 1 ಕೆ.ಜಿ. ಎಂದರೆ ಸುಮಾರು 1 ಬಾರ್). ದೊಡ್ಡ ಅಳತೆಯ ಗೇಜಿನಲ್ಲಿ ಸಣ್ಣ ಇಳಿತ ಗೊತ್ತಾಗುವುದಿಲ್ಲ.

ಕ್ರಮ ಹೀಗಿರಲಿ. ಗೀಸರ್ ಬಿಚ್ಚಿ, ಅದರ ಎರಡು ಪಾಯಿಂಟನ್ನು ಒಂದು ಕನೆಕ್ಷನ್ ಪೈಪಿನಿಂದ ಒಂದಕ್ಕೊಂದು ಸೇರಿಸಿ, ಬಿಸಿ ಮತ್ತು ತಣ್ಣೀರಿನ ಲೈನ್ ಒಂದೇ ಆಗುತ್ತದೆ. ವಾಲ್ ಮಿಕ್ಸರ್ ತೆಗೆದು ಎರಡೂ ಬಾಯಿಗೆ ಅರ್ಧ ಇಂಚಿನ ಎಂಡ್ ಪ್ಲಗ್ ಹಾಕಿ. ಆಂಗಲ್ ವಾಲ್ವ್‌ಗಳನ್ನೂ ತೆಗೆದು ಪ್ಲಗ್ ಹಾಕುವುದು ಉತ್ತಮ, ಅವೇ ಹಿಡಿಯದಿದ್ದರೆ ಪರೀಕ್ಷೆ ಸುಳ್ಳಾಗುತ್ತದೆ. ಬಾತ್‌ರೂಮಿನ ವಾಲ್ವ್ ಮುಚ್ಚಿ. ಎಲ್ಲಕ್ಕಿಂತ ಎತ್ತರದ ಬಾಯಿಯ ಪ್ಲಗ್ ಸಡಿಲ ಬಿಟ್ಟು, ಗಾಳಿ ಹೋಗಿ ಬರೀ ನೀರು ಬರುವವರೆಗೂ ಪಂಪ್ ಮಾಡಿ, ಆಮೇಲೆ ಬಿಗಿಯಿರಿ. ಗಾಳಿ ಉಳಿದರೆ ಅದು ಸ್ಪ್ರಿಂಗಿನಂತೆ ಒತ್ತಡ ಹಿಡಿದುಕೊಂಡು ಸಣ್ಣ ಸೋರಿಕೆಯನ್ನು ಮರೆಮಾಚುತ್ತದೆ.

ಹತ್ತು ವರ್ಷದೊಳಗಿನ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಲೈನಿಗೆ 4–5 ಬಾರ್ ಕೊಡಬಹುದು. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿಗೆ 2–3 ಬಾರ್ ಮೀರಬೇಡಿ. ತುಕ್ಕು ತಿಂದು ತೆಳ್ಳಗಾದ ಕಡೆ ಹೊಸ ತೂತು ಬೀಳುತ್ತದೆ, ಒಂದು ಸೋರಿಕೆ ಹುಡುಕಲು ಹೋಗಿ ಮೂರು ಮಾಡಿಕೊಂಡಂತೆ ಆಗುತ್ತದೆ. ಮೊದಲ ಐದು ನಿಮಿಷ ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಮತ್ತೆ ಏರಿಸಿ ಅರ್ಧ ಗಂಟೆ ನೋಡಿ. ಮುಳ್ಳು ಕೂದಲೆಳೆ ಕದಲಿ ನಿಂತರೆ ಚಿಂತೆಯಿಲ್ಲ. ಐದು ನಿಮಿಷದಲ್ಲಿ 4ರಿಂದ 2ಕ್ಕೆ ಬಂದರೆ ಸೋರಿಕೆ ಖಚಿತ. ಈಗ ಗೀಸರ್ ಬಳಿಯ ಜೋಡಣೆ ಬಿಚ್ಚಿ ಬಿಸಿ, ತಣ್ಣೀರನ್ನು ಬೇರೆ ಬೇರೆ ನೋಡಿ. ಪೈಪಿನ ಭಾಗ ಟೆರೇಸಿನ ಬಿಸಿಲಿಗೆ ಬಿದ್ದಿದ್ದರೆ ಒತ್ತಡ ತಾನಾಗಿ ಏರಿಳಿಯುತ್ತದೆ, ಬೆಳಗಿನ ಹೊತ್ತಲ್ಲಿ ಮಾಡಿ.

ಒಂದು ಮಾತು ಖಡಾಖಂಡಿತ: ಕಂಪ್ರೆಸರ್ ಗಾಳಿಯಿಂದ ಪಿವಿಸಿ, ಸಿಪಿವಿಸಿ ಪೈಪ್ ಪರೀಕ್ಷಿಸಲು ಬಿಡಬೇಡಿ. ಪಂಕ್ಚರ್ ಅಂಗಡಿಯ ಯಂತ್ರ ತಂದು ಬೇಗ ಮುಗಿಸೋಣ ಅನ್ನುವವರಿದ್ದಾರೆ. ಒತ್ತಿದ ಗಾಳಿಯಲ್ಲಿ ಪ್ಲಾಸ್ಟಿಕ್ ಜಾಯಿಂಟ್ ಒಡೆದರೆ ಚೂರುಗಳು ಗುಂಡಿನಂತೆ ಸಿಡಿಯುತ್ತವೆ. ನೀರಿನ ಪರೀಕ್ಷೆಯಲ್ಲಿ ಒಡೆದರೆ ನೆಲ ಒದ್ದೆಯಾಗುತ್ತದೆ, ಅಷ್ಟೇ.

ಹೊಸ ಮನೆಗಳಲ್ಲಿ ಪ್ರೆಷರ್ ಪಂಪ್ ಕೂರಿಸಿದ್ದರೆ ಈ ಪರೀಕ್ಷೆಯ ಅರ್ಧ ಭಾಗ ತಾನಾಗಿಯೇ ನಡೆಯುತ್ತಿರುತ್ತದೆ. ಯಾರೂ ನಲ್ಲಿ ತೆರೆಯದ ನಡುರಾತ್ರಿ ಪಂಪ್ ಆಗಾಗ ತಾನೇ ಶುರುವಾಗಿ ನಿಲ್ಲುತ್ತಿದ್ದರೆ ನೀರು ಎಲ್ಲೋ ಹೋಗುತ್ತಿದೆ ಎಂದರ್ಥ. ಫ್ಲಶ್ ಟ್ಯಾಂಕುಗಳ ವಾಲ್ವ್ ಮುಚ್ಚಿ ಇನ್ನೊಂದು ರಾತ್ರಿ ಕೇಳಿ.

ತೇವದ ಮೀಟರ್, ಥರ್ಮಲ್ ಕ್ಯಾಮೆರಾ

ಇಲ್ಲಿಯವರೆಗಿನ ಪರೀಕ್ಷೆಗಳು ಯಾವ ಲೈನ್ ಎಂದು ಹೇಳುತ್ತವೆ. ಗೋಡೆಯಲ್ಲಿ ಯಾವ ಜಾಗ ಅನ್ನುವುದಕ್ಕೆ ಈ ಎರಡು.

ಎರಡು ಸೂಜಿ ಚುಚ್ಚುವ ತೇವದ ಮೀಟರ್ ಅಗ್ಗ, ಆನ್‌ಲೈನಿನಲ್ಲಿ ಸಿಗುತ್ತದೆ. ಅದರ ಶೇಕಡಾ ಅಂಕಿಯನ್ನು ನಂಬಬೇಡಿ, ಅದು ಮರಕ್ಕೆಂದು ಹೊಂದಿಸಿದ್ದು. ಗಾರೆಗೆ ಅದು ಹೆಚ್ಚು ಕಡಿಮೆ ಎಂದಷ್ಟೇ ಹೇಳಬಲ್ಲದು. ಸೀಮೆಸುಣ್ಣದಲ್ಲಿ ಗೋಡೆಗೆ 20 ಸೆಂಟಿಮೀಟರ್ ಚೌಕಗಳನ್ನು ಎಳೆದು, ಪ್ರತಿ ಮೂಲೆಯಲ್ಲೂ ಅಳೆದು ಅಲ್ಲೇ ಅಂಕಿ ಬರೆಯಿರಿ. ಅದೇ ಕೋಣೆಯ ಒಣ ಗೋಡೆಯ ಅಂಕಿಯನ್ನೂ ಬರೆದುಕೊಳ್ಳಿ. ವಾರ ಬಿಟ್ಟು ಮತ್ತೆ ಅಳೆಯಿರಿ. ಎಲ್ಲಿ ಅಂಕಿ ಏರಿತು ಅನ್ನುವುದು ಮುಖ್ಯ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈ ಮೀಟರಿಗೆ ಒಂದು ಶತ್ರು ಇದೆ: ಉಪ್ಪು. ಗಡಸು ಬೋರ್‌ವೆಲ್ ನೀರಿನಲ್ಲೇ ಗಾರೆ ಕಲಸಿ, ಅದರಲ್ಲೇ ಕ್ಯೂರಿಂಗ್ ಮಾಡಿದ ಗೋಡೆಯಲ್ಲಿ ಲವಣ ತುಂಬಿರುತ್ತದೆ. ಉಪ್ಪು ವಿದ್ಯುತ್ತನ್ನು ಸುಲಭವಾಗಿ ಹರಿಸುವುದರಿಂದ ಬಹುತೇಕ ಒಣಗಿದ ಗೋಡೆಯೂ ಒದ್ದೆ ಎಂದು ತೋರಿಸುತ್ತದೆ. ಬಿಳಿ ಪುಡಿ ಕಂಡ ಕಡೆ ಅಳೆಯುವ ಮುನ್ನ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆಯಬೇಡಿ. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೆ ಹೋಗುತ್ತದೆ. ಇದೇ ಕಾರಣಕ್ಕೆ ಜಿನುಗಿದ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಅಳೆದು ಟ್ಯಾಂಕಿನದೋ ಮಳೆಯದೋ ಎಂದು ಹೇಳುವ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಗೋಡೆ ದಾಟಿ ಬಂದ ಯಾವ ನೀರಾದರೂ ಉಪ್ಪಾಗಿಯೇ ಬರುತ್ತದೆ.

ಥರ್ಮಲ್ ಕ್ಯಾಮೆರಾ ಗೋಡೆಯೊಳಗೆ ನೋಡುತ್ತದೆ ಅನ್ನುವುದು ಜಾಹೀರಾತಿನ ಮಾತು. ಅದು ನೋಡುವುದು ಗೋಡೆಯ ಮೇಲ್ಮೈಯ ಬಿಸಿಯನ್ನು ಮಾತ್ರ. ತಣ್ಣೀರಿನ ಸೋರಿಕೆಯಲ್ಲಿ ತೇವ ಆವಿಯಾಗುವಾಗ ಆ ಜಾಗ ಸುತ್ತಲಿಗಿಂತ ಒಂದೆರಡು ಡಿಗ್ರಿ ತಣ್ಣಗಾಗುತ್ತದೆ, ಕ್ಯಾಮೆರಾ ಹಿಡಿಯುವುದು ಅದನ್ನೇ. ಬೇಸಿಗೆಯ ಒಣ ಗಾಳಿಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ, ಜಡಿಮಳೆಯ ದಿನಗಳಲ್ಲಿ ಬಹುತೇಕ ಕಾಣುವುದೇ ಇಲ್ಲ. ಮಳೆಗಾಲದಲ್ಲಿ ಕ್ಯಾಮೆರಾದವರನ್ನು ಕರೆಸುವುದು ದಂಡ.

ಬಿಸಿನೀರಿನ ಲೈನಿಗಾದರೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಎರಡು ಮೂರು ಗಂಟೆ ಲೈನ್ ತಣ್ಣಗಿರಲಿ. ಆಮೇಲೆ ಸೋಲಾರಿನ ಬಿಸಿನೀರನ್ನು 15–20 ನಿಮಿಷ ಹರಿಸಿ ನಿಲ್ಲಿಸಿ. ಗಾರೆಯಡಿಯ ಪೈಪ್ ಗೆರೆಯಾಗಿ ಮೂಡುತ್ತದೆ, ಸೋರುವ ಕಡೆ ಗೆರೆ ಅಗಲವಾಗಿ ಕೆಳಕ್ಕೆ ಇಳಿದ ಆಕಾರ ಕಾಣುತ್ತದೆ. ಬಿಸಿಲು ಬೀಳುವ ಗೋಡೆಯಾದರೆ ಸೂರ್ಯ ಹುಟ್ಟುವ ಮುಂಚೆ ಮಾಡಬೇಕು. ಹೊಳಪಿನ ಟೈಲ್ಸಿನ ಕಡೆಯಿಂದ ತೆಗೆದ ಚಿತ್ರದಲ್ಲಿ ತೆಗೆಯುವವರ ಮೈಬಿಸಿಯೇ ಪ್ರತಿಫಲಿಸುವುದುಂಟು, ಪ್ಲಾಸ್ಟರ್ ಇರುವ ಕೋಣೆಯ ಕಡೆಯಿಂದಲೇ ತೆಗೆಸಿ.

ಕಿವಿ ಮತ್ತು ಗ್ಯಾಸ್

ಮೈಕ್ ಅಥವಾ ಆಲಿಸುವ ಕೋಲು ಟ್ಯಾಂಕಿನ ಒತ್ತಡದಲ್ಲಿ ವ್ಯರ್ಥ. ಕೈಪಂಪಿನಿಂದ 3–4 ಬಾರ್ ಏರಿಸಿಟ್ಟು, ರಾತ್ರಿ ಫ್ಯಾನ್ ಆರಿಸಿ ಕೇಳಿದರೆ ಸಿಳ್ಳೆಯಂಥ ಸದ್ದು ಸಿಗಬಹುದು. ಜಿಐ ಪೈಪ್ ಸದ್ದನ್ನು ದೂರ ಒಯ್ಯುತ್ತದೆ, ಸಿಪಿವಿಸಿ ಕೆಲವೇ ಅಡಿಯಲ್ಲಿ ನುಂಗಿಬಿಡುತ್ತದೆ. ಪಂಪ್ ತರದೆ ಬರೀ ಮೈಕ್ ಹಿಡಿದು ಬಂದವರಿಗೆ ವಿಸಿಟಿಂಗ್ ಚಾರ್ಜ್ ಕೊಟ್ಟು ಕಳಿಸಿ.

ಟ್ರೇಸರ್ ಗ್ಯಾಸ್ ವಿಧಾನದಲ್ಲಿ ಪೈಪ್ ಖಾಲಿ ಮಾಡಿ, 5 ಭಾಗ ಹೈಡ್ರೋಜನ್, 95 ಭಾಗ ನೈಟ್ರೋಜನ್ ಇರುವ ಮಿಶ್ರಣವನ್ನು ಕಡಿಮೆ ಒತ್ತಡದಲ್ಲಿ ತುಂಬುತ್ತಾರೆ. ಅದು ಉರಿಯುವುದಿಲ್ಲ. ಸೋರುವ ಕಡೆ ಹೊರಬಂದ ಹೈಡ್ರೋಜನನ್ನು ಸೆನ್ಸರ್ ಹಿಡಿಯುತ್ತದೆ. ಸಣ್ಣ ಸೋರಿಕೆಗೆ ಇದು ಬಹಳ ನಿಖರ, ಆದರೆ ದುಬಾರಿ. ಟೈಲ್ಸ್ ಅಥವಾ ಗ್ರಾನೈಟ್ ಇದ್ದರೆ ಗ್ಯಾಸ್ ಹತ್ತಿರದ ಗ್ರೌಟ್ (ಟೈಲ್ಸ್ ನಡುವೆ ತುಂಬಿದ ಸಿಮೆಂಟ್) ಸಂದು ಹುಡುಕಿಕೊಂಡು ಹೊರಬರುವುದರಿಂದ ತೋರಿಸಿದ ಜಾಗ ಒಂದಡಿ ಅತ್ತಿತ್ತ ಇರಬಹುದು. ದುಬಾರಿ ಕಲ್ಲು ಹಾಸಿದ, ಒಡೆದರೆ ಅದೇ ಕಲ್ಲು ಮತ್ತೆ ಸಿಗದ ಮನೆಗಳಿಗೆ ಮಾತ್ರ ಇದು ಲಾಭ.

ಬಕೆಟ್ ಪರೀಕ್ಷೆ ವೇಸ್ಟ್ ನೀರು ಎಂದರೆ

ಆಗ ಒತ್ತಡದ ಯಾವ ಪರೀಕ್ಷೆಯೂ ಬೇಡ. ನಹಾನಿ ಟ್ರ್ಯಾಪಿನ (ಬಚ್ಚಲಿನ ನೆಲದಿಂದ ನೀರು ಹೊರಹೋಗುವ ತೂತಿನ) ಬಾಯಿಗೆ ಪ್ಲಾಸ್ಟಿಕ್ ಚೀಲದಲ್ಲಿ ಮರಳು ತುಂಬಿ ಬಿಗಿಯಾಗಿ ಕೂರಿಸಿ, ಬಚ್ಚಲಿನ ನೆಲದ ಮೇಲೆ ಒಂದು ಇಂಚು ನೀರು 24 ಗಂಟೆ ನಿಲ್ಲಿಸಿ. ಕಲೆ ಬೆಳೆದರೆ ನೆಲದ ಗ್ರೌಟ್ ಅಥವಾ ಟ್ರ್ಯಾಪಿನ ಸುತ್ತಲಿನ ಸಂದು. ಬೆಳೆಯದಿದ್ದರೆ ನೆಲ ಒಣಗಿದ ಮೇಲೆ ಚೀಲ ತೆಗೆದು, ಟ್ರ್ಯಾಪಿಗೆ ನೇರವಾಗಿ ಹತ್ತು ಬಕೆಟ್ ನೀರು ಸುರಿಯಿರಿ: ಈಗ ಬೆಳೆದರೆ ಟ್ರ್ಯಾಪಿನ ಕೆಳಗಿನ ಜಾಯಿಂಟ್. ಎರಡಕ್ಕೂ ಬೆಳೆಯದಿದ್ದರೆ ಗೋಡೆಯ ಟೈಲ್ಸಿಗೆ ಹ್ಯಾಂಡ್ ಶವರ್‌ನಿಂದ ಕೆಳಗಿನಿಂದ ಮೇಲಕ್ಕೆ, ಒಂದೊಂದು ಗೋಡೆಗೆ 20 ನಿಮಿಷ ನೀರು ಹಾಯಿಸಿ. ಒಂದೊಂದರ ನಡುವೆ ಒಂದು ದಿನ ಬಿಡಿ.

ಮೇಲಿನ ಮಹಡಿಯ ಎರಡು ಬಾತ್‌ರೂಮ್‌ಗಳಲ್ಲಿ ಯಾವುದರದು ಎಂದು ತಿಳಿಯಲು ಬಣ್ಣ ಉಪಯೋಗಕ್ಕೆ ಬರುತ್ತದೆ. ಅಡುಗೆ ಬಣ್ಣ ಸಾಕು, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು. ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದರೆ ಬಿಳಿ ಗ್ರೌಟ್ ಕಂದು ತಿರುಗಿ ಹಾಗೇ ಉಳಿಯುತ್ತದೆ. ಬಾತ್‌ರೂಮಿನ ಸ್ಲ್ಯಾಬ್ ತಗ್ಗಿಸಿ ಇಟ್ಟಿಗೆ ಚೂರು ತುಂಬಿದ್ದರೆ ಬಣ್ಣ ಕೆಳಗೆ ಬರಲು ಮೂರು ದಿನವೂ ಬೇಕಾಗಬಹುದು, ಬರುವ ಹೊತ್ತಿಗೆ ತೆಳ್ಳಗಾಗಿರುತ್ತದೆ. ಕಾಣಲಿಲ್ಲ ಎಂಬ ಮಾತ್ರಕ್ಕೆ ಸೋರಿಕೆ ಇಲ್ಲ ಎನ್ನಲಾಗದು. ಓವರ್‌ಹೆಡ್ ಟ್ಯಾಂಕಿಗೆ ಯಾವ ಬಣ್ಣವನ್ನೂ ಹಾಕಬೇಡಿ.

ಹಾಗಾದರೆ ನಿಮ್ಮ ಮನೆಗೆ ಯಾವುದು?

ಮನೆಗೆ 25 ವರ್ಷ ದಾಟಿದೆ, ಗೋಡೆಯೊಳಗೆ ಜಿಐ ಪೈಪ್ ಇದೆ ಎಂದರೆ ಹುಡುಕುವುದಕ್ಕೇ ದುಡ್ಡು ಹಾಕಬೇಡಿ. ಲೆವೆಲ್ ಟ್ಯೂಬಿನಲ್ಲಿ ಲೈನ್ ಸೋರುತ್ತಿದೆ ಎಂದು ಖಚಿತಪಡಿಸಿಕೊಂಡು, ಆ ಲೈನನ್ನು ಟೆರೇಸಿನಲ್ಲೇ ಕತ್ತರಿಸಿ ಎಂಡ್ ಕ್ಯಾಪ್ ಹಾಕಿಸಿ, ಹೊರಗೋಡೆಯ ಮೇಲೆ ಹೊಸ ಪೈಪ್ ಎಳೆಸಿ. ಇಂದು ಒಂದು ತೂತು ಮುಚ್ಚಿದರೆ ಮುಂದಿನ ವರ್ಷ ಎರಡಡಿ ಆಚೆ ಇನ್ನೊಂದು ಏಳುತ್ತದೆ. ಗಡಸು ನೀರಿನ ಸುಣ್ಣ ಕೂತು ಅರ್ಧ ಇಂಚಿನ ಪೈಪ್ ಪೆನ್ಸಿಲ್ ತೂರುವಷ್ಟಕ್ಕೆ ಕಿರಿದಾಗಿರುತ್ತದೆ, ಅದನ್ನು ಉಳಿಸಿಕೊಂಡು ಲಾಭವೂ ಇಲ್ಲ. ಹೊರಗೆ ಎಳೆದ ಸಿಪಿವಿಸಿಗೆ ಬಿಸಿಲು ತಾಗದಂತೆ ಪೇಂಟ್ ಬಳಿಸಿ, ನೀರಿನಲ್ಲಿ ಕಲಸುವ ಪೇಂಟೇ ಇರಲಿ. ಅಂದ ಕೆಡುತ್ತದೆ ಅನ್ನುವವರಿಗೆ ಗೋಡೆ ಒಡೆಸುವ ಸ್ವಾತಂತ್ರ್ಯ ಇದ್ದೇ ಇದೆ.

ಹತ್ತು ವರ್ಷದೊಳಗಿನ ಸಿಪಿವಿಸಿ, ನಾಲ್ಕು ಇಂಚಿನ ಬ್ಲಾಕ್ ಗೋಡೆ, ಟೈಲ್ಸ್ ಇದ್ದರೆ ಲೆವೆಲ್ ಟ್ಯೂಬ್, ಆಮೇಲೆ ಕೈಪಂಪ್, ಬಿಸಿನೀರಿನ ಲೈನಾದರೆ ಕ್ಯಾಮೆರಾ. ಪೈಪಿನ ನಡುಭಾಗ ತಾನಾಗಿ ಸೋರುವುದು ಅಪರೂಪ. ಸೋರುವುದು ಜಾಯಿಂಟಿನಲ್ಲಿ, ಅದರಲ್ಲೂ ನಲ್ಲಿ ಕೂರುವ ಹಿತ್ತಾಳೆ ಥ್ರೆಡ್ಡಿನ ಎಲ್ಬೋನಲ್ಲಿ (ಪೈಪ್ ತಿರುಗುವ ಕಡೆಯ ತುಂಡಿನಲ್ಲಿ). ಟೆಫ್ಲಾನ್ ಟೇಪ್ ಹೆಚ್ಚಾಗಿ ಸುತ್ತಿ, ನಲ್ಲಿ ನೇರ ನಿಲ್ಲಲಿ ಎಂದು ಇನ್ನರ್ಧ ಸುತ್ತು ಬಲವಂತವಾಗಿ ತಿರುಗಿಸಿದಾಗ ಪ್ಲಾಸ್ಟಿಕ್ ಭಾಗ ಕೂದಲೆಳೆ ಸೀಳಿರುತ್ತದೆ. ಸಾಲ್ವೆಂಟ್ (ಪೈಪ್ ಅಂಟು) ಹಚ್ಚಿ ಕಾಲು ಸುತ್ತು ತಿರುಗಿಸದೆ, ಅರ್ಧ ನಿಮಿಷ ಒತ್ತಿ ಹಿಡಿಯದೆ ಬಿಟ್ಟ ಜಾಯಿಂಟ್ ಹಿಂದೆ ಸರಿದಿರುತ್ತದೆ. ಇತ್ತೀಚೆಗೆ ಗೀಸರ್, ಕನ್ನಡಿ, ಟವೆಲ್ ರಾಡ್ ಹಾಕಿಸಿದ್ದರೆ ಆ ಡ್ರಿಲ್ ತೂತನ್ನು ಎಲ್ಲಕ್ಕಿಂತ ಮೊದಲು ನೋಡಿ.

ಕೆಳಗಿನ ಮನೆ ನಿಮ್ಮದು, ಮೇಲಿನದು ಬಾಡಿಗೆಯವರದ್ದು ಎಂದಾದರೆ ಬಕೆಟ್ ಪರೀಕ್ಷೆ ನಡೆಸುವುದು ಕಷ್ಟ. ಅಲ್ಲಿ ಬಣ್ಣ ಮತ್ತು ನೀರು ನಿಲ್ಲಿಸುವ ಪರೀಕ್ಷೆಯಿಂದ ಶುರು ಮಾಡಿ. ಮಣ್ಣಿನ ಗೋಡೆಯ ಹಳೆಯ ಮನೆಯಲ್ಲಿ ಹುಡುಕಾಟಕ್ಕೆ ಸಮಯವಿಲ್ಲ. ಮಣ್ಣು ನೆನೆದರೆ ಗೋಡೆಯ ಬಲವೇ ಹೋಗುತ್ತದೆ. ಅಂದೇ ಲೈನ್ ಬಂದ್ ಮಾಡಿ.

ಯಾವ ಮನೆಯಾದರೂ, ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಅಥವಾ ಗೀಸರ್ ಪಾಯಿಂಟ್ ಇದ್ದರೆ ಮೀಟರ್ ಚುಚ್ಚುವ ಮುಂಚೆ, ಸುತ್ತಿಗೆ ಎತ್ತುವ ಮುಂಚೆ ಅದರ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ. ಕಾರಣವಿಲ್ಲದೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಬೀಳುತ್ತಿದ್ದರೆ ವೈರಿಂಗ್ ಪೈಪಿಗೆ ನೀರು ಇಳಿದಿರಬಹುದು.

ಒಡೆಯುವುದೇ ಆದರೆ

ಕಲೆಯ ನಡುವೆ ಒಡೆಯಬೇಡಿ. ಪೈಪಿಗಾಗಿ ಕೊರೆದ ಗ್ರೂವ್‌ನಲ್ಲಿ ತುಂಬಿದ ಗಾರೆ ಸಡಿಲ ಇರುವುದರಿಂದ ನೀರು ಅದೇ ದಾರಿ ಹಿಡಿದು ಇಳಿದು, ಸ್ಕರ್ಟಿಂಗ್ ಬಳಿ ಹೊರಬರುತ್ತದೆ. ಕಲೆಯ ಮೇಲಂಚಿನಿಂದ ಮೇಲಕ್ಕೆ ನೇರ ಗೆರೆ ಎಳೆದು, ಆ ಗೆರೆಯ ಮೇಲೆ ಮೊದಲು ಸಿಗುವ ಜಾಯಿಂಟ್ ಅಥವಾ ನಲ್ಲಿಯ ಎಲ್ಬೋ ಹುಡುಕಿ.

ಟೈಲ್ಸ್ ಕಡೆಯೋ ಪ್ಲಾಸ್ಟರ್ ಕಡೆಯೋ? ನಾಲ್ಕು ಇಂಚಿನ ಗೋಡೆಯಲ್ಲಿ ಪ್ಲಾಸ್ಟರ್ ಕಡೆಯಿಂದಲೇ. ಪೈಪ್ ಬಚ್ಚಲಿನ ಕಡೆಯ ಗ್ರೂವ್‌ನಲ್ಲಿದ್ದರೂ ಇತ್ತ ಕಡೆಯಿಂದ ಎರಡು ಎರಡೂವರೆ ಇಂಚು ಕೊರೆದರೆ ಸಿಗುತ್ತದೆ. ಗಾರೆ ಹಚ್ಚಿ ಪೇಂಟ್ ಮಾಡಿದರೆ ಗುರುತೂ ಉಳಿಯುವುದಿಲ್ಲ, ಐದು ವರ್ಷದ ಹಿಂದಿನ ಟೈಲ್ಸ್ ಡಿಸೈನ್ ಹುಡುಕಿ ಅಲೆಯುವುದೂ ತಪ್ಪುತ್ತದೆ. ಆರು ಇಂಚಿನ ಗೋಡೆಯಾದರೆ ಟೈಲ್ಸ್ ಕಡೆಯೇ ಸರಿ, ಒಂದೇ ಟೈಲಿನ ಸುತ್ತ ಗ್ರೌಟನ್ನು ಕಟರಿನಿಂದ ಕೊರೆದು ಅಷ್ಟನ್ನೇ ತೆಗೆಸಿ.

ಹೊಸ ಜಾಯಿಂಟ್ ಹಾಕಿದ ದಿನವೇ ಗಾರೆ ಮುಚ್ಚಲು ಬಿಡಬೇಡಿ. ಸಾಲ್ವೆಂಟ್ ಗಟ್ಟಿಯಾಗಲು ಒಂದು ರಾತ್ರಿ ಕೊಟ್ಟು, ಮರುದಿನ ಕೈಪಂಪಿನಲ್ಲಿ 4 ಬಾರ್ ಏರಿಸಿ ಒಂದು ಗಂಟೆ ನೋಡಿ, ಬಾಯಿ ತೆರೆದಿಟ್ಟುಕೊಂಡೇ ವಾರ ಕಳೆಯಿರಿ. ಗಾರೆ ಆಮೇಲೆ. ಪೇಂಟ್ ಅದಕ್ಕೂ ಆಮೇಲೆ, ತೇವದ ಮೀಟರಿನಲ್ಲಿ ಚೌಕದ ಮೂಲೆಗಳ ಅಂಕಿ ಒಣ ಗೋಡೆಯ ಅಂಕಿಯ ಹತ್ತಿರ ಬಂದಾಗ.